ಹೆಸರಿನ ಮೊದಲಿದ್ದ ಪದ

ಮಾರ್ಚ್ ೧೪, ಗುರುವಾರ

ಒಂದೇ ಒಂದು ಪದ ಅಳಿಸಿದೆ. ಮನಸ್ಸು ಇನ್ನೂ ಅಲ್ಲೇ ಸುತ್ತುತ್ತಿದೆ.

ಚಿತ್ರದ ಶುರುವಿನ ಟೈಟಲ್‌ಗಳನ್ನು ನೋಡಲು ಕ್ಯಾಮೆರಾಮನ್ನರ ಹೆಂಡತಿ ಬಂದಿದ್ದರು. ಚಿತ್ರೀಕರಣ ಮುಗಿದ ವಾರಕ್ಕೇ ಅವರ ಯಜಮಾನರು ತೀರಿಕೊಂಡಿದ್ದರು. ನಿರ್ದೇಶಕರು ಹೇಳಿದಂತೆ ಆ ಹೆಸರಿನ ಮೊದಲು ‘ದಿವಂಗತ’ ಎಂದು ಸೇರಿಸಿ, ಉಳಿದವರಿಗಿಂತ ಎರಡು ಸೆಕೆಂಡು ಹೆಚ್ಚು ನಿಲ್ಲಿಸಿದ್ದೆ. ಹಿಂದೆ ಖಾಲಿ ಬೀದಿ, ಬೆಳಗಿನ ಬಿಸಿಲು.

ಆಕೆ ಎರಡು ಸಲ ನೋಡಿದರು. “ಇದನ್ನ ತೆಗೆದ ದಿನ ಮನೆಗೆ ಬಂದು, ಈ ಬಿಸಿಲಿಗೋಸ್ಕರ ಒಂದು ಗಂಟೆ ಕಾದೆ ಅಂದಿದ್ರು. ಅವತ್ತು ಚೆನ್ನಾಗೇ ಇದ್ರಲ್ಲಪ್ಪ. ಆ ಪದ ಬೇಡ.”

“ಗೌರವಕ್ಕೆ ಅಂತ ಹಾಕಿಸಿದ್ದಮ್ಮ,” ಎಂದರು ನಿರ್ದೇಶಕರು.

“ಗೊತ್ತು. ಆದ್ರೆ ಜನ ಆ ಪದ ಓದ್ಕೊಂಡು ಕೂತ್ಕೋತಾರೆ, ಬಿಸಿಲು ನೋಡಲ್ಲ.”

ನಿರ್ದೇಶಕರು ನನ್ನತ್ತ ತಿರುಗಿ ತಲೆಯಾಡಿಸಿದರು. ಪದ ತೆಗೆದೆ. ಹೆಚ್ಚಿನ ಎರಡು ಸೆಕೆಂಡೂ ಬೇಡವೆಂದರು ಆಕೆ.

ಅವರು ಹೋದ ಮೇಲೆ ಆ ದೃಶ್ಯವನ್ನು ಅಕ್ಷರಗಳೇ ಇಲ್ಲದೆ ಒಮ್ಮೆ ಹಾಕಿಕೊಂಡು ನೋಡಿದೆ. ಬೀದಿಯ ಅಂಚಿನಲ್ಲಿ, ಕ್ಯಾಮೆರಾಕ್ಕೆ ಕಣ್ಣಿಟ್ಟು ಬಾಗಿದ ಮನುಷ್ಯನ ನೆರಳು ಬಿದ್ದಿದೆ. ಇಷ್ಟು ದಿನ ನನ್ನ ಅಕ್ಷರಗಳೇ ಅದನ್ನು ಮುಚ್ಚಿದ್ದವು. ನಾಳೆ ಹೋದ ಕೂಡಲೇ ಹೆಸರನ್ನು ಸ್ವಲ್ಪ ಮೇಲಕ್ಕೆ ಸರಿಸಬೇಕು.