ಏಳನೇ ಡಬ್ಬಿ

ನವೆಂಬರ್ 4, ಮಂಗಳವಾರ

ಮತ್ತೆ ಗದಗಿನಿಂದ ಕಾಲೇಜಿಗೆ ಎಂಟೂ ಹತ್ತರ ಮುಂಡರಗಿ ಬಸ್. ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಿಯು ಮಕ್ಕಳ ಟೆಸ್ಟ್ ಪೇಪರ್ ಅರ್ಧ ನೋಡಿ ಮುಗಿಸಿದೆ. ಒಬ್ಬಳು ‘ವಿರಹ’ಕ್ಕೆ ‘ರಜೆ’ ಎಂದು ಅರ್ಥ ಬರೆದಿದ್ದಾಳೆ. ಅರ್ಧ ಅಂಕ ಕೊಟ್ಟೆ. ಪೂರ್ತಿ ತಪ್ಪೇನಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ತಮ್ಮನ ಫೋನ್, ಲಕ್ಷ್ಮೇಶ್ವರದಿಂದ. ಇಲಿಯಾಸನಿಗೆ ಸಲಾಮಿಗಿಂತ ಮೊದಲು ಸುದ್ದಿ.

“ಆಪಾ, ಗಿರಾಕಿ ಸಿಕ್ಕಾನ! ಹುಬ್ಬಳ್ಳಿಯಾಂವ, ಕಳಕಪ್ಪ ಅಂತ. ಹದಿನಾರಕ್ಕ ಬಂದು ಒಂಬತ್ತೂ ಡಬ್ಬಿ ನೋಡ್ತಾನಂತ.”

ಒಂಬತ್ತು ಡಬ್ಬಿ. 1996ರ ವರ್ಲ್ಡ್ ಕಪ್ ವರ್ಷದ ಚೂಯಿಂಗ್ ಗಮ್ಮಿನವು. ಪೊಟ್ಟಣಕ್ಕೊಂದು ಗಮ್, ಜೊತೆಗೊಂದು ಕ್ರಿಕೆಟ್ ಆಟಗಾರನ ಕಾರ್ಡು. ಕಂಪನಿ ಮುಚ್ಚಿತು. ಅಬ್ಬಾನ ಬೈಂಡಿಂಗ್ ಅಂಗಡಿಯಲ್ಲಿ, ಶಾಲೆ ಮಕ್ಕಳಿಗೆಂದು ತರಿಸಿದ್ದರಲ್ಲಿ, ಮೂರು ಡಬ್ಬಿ ಒಡೆಯದೆ ಉಳಿದವು. ಒಡೆಯದ ಡಬ್ಬಿಗೆ ವರ್ಷ ಕಳೆದಷ್ಟೂ ಬೆಲೆ ಎಂದು ಇಲಿಯಾಸ ಯಾವುದೋ ವಿಡಿಯೊ ನೋಡಿದ... ಒಂಬತ್ತು ವರ್ಷದಿಂದ ಅದೇ ಧ್ಯಾನ. ಮುಳಗುಂದದಲ್ಲಿ ಎರಡು, ಶಿರಹಟ್ಟಿಯ ಹಳೇ ಕಿರಾಣಿ ಅಂಗಡಿಯ ಅಟ್ಟದಲ್ಲಿ ನಾಲ್ಕು ಹುಡುಕಿ ಕೊಂಡ. ಪುಸ್ತಕದ ಬೈಂಡಿಂಗ್‌ನಲ್ಲಿ ಉಳಿದದ್ದೆಲ್ಲ ಆ ಟ್ರಂಕಿಗೇ ಹೋಯಿತು.

“ಒಂದಕ್ಕೂ ಕೈ ಹತ್ತಿಲ್ಲ ಅಂತ ಜಬಾನ ಕೊಟ್ಟೀನಿ, ಮಾತಂದ್ರ ಮಾತು,” ಎಂದ.

“ಛಲೋ ಆತು,” ಎಂದೆ. ಅಷ್ಟೇ ಎಂದೆ.

ನವೆಂಬರ್ 5, ಬುಧವಾರ. ಬೆಳಿಗ್ಗೆ 5.30

ಇಲ್ಲಿಯಾದರೂ ಬರೆದುಬಿಡುತ್ತೇನೆ. ಒಂದಕ್ಕೆ ಕೈ ಹತ್ತಿದೆ. ನನ್ನ ಕೈ.

ಆಗ ಹತ್ತೊಂಬತ್ತು ನನಗೆ. ಅಬ್ಬಾ ಜುಮ್ಮಾ ನಮಾಜಿಗೆ ಹೋಗಿದ್ದರು, ಅಂಗಡಿಯಲ್ಲಿ ನಾನೊಬ್ಬಳೇ. ಕಾರ್ಡಿನ ಆಸೆಯೇನೂ ಇರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ತೆರೆದು ಮತ್ತೆ ಮುಚ್ಚಬಲ್ಲೆನೇ ಎಂದು ನೋಡುವ ಹಟ. ಬೈಂಡರ್ ಮಗಳ ಸೊಕ್ಕು. ಚಹಾದ ಕಿತ್ತಲಿಯ ಹಬೆಗೆ ಡಬ್ಬಿ ಹಿಡಿದೆ. ತೆಳ್ಳಗಿನ ಅಲಗು ಆಡಿಸಿದೆ. ಒಂದು ಪೊಟ್ಟಣ ತೆಗೆದೆ, ಗಮ್ ತಿಂದೆ. ಕಾರ್ಡನ್ನು ಲೈಬ್ರರಿಯ ಕವನಸಂಕಲನದಲ್ಲಿ ಗುರುತಿಗಿಟ್ಟು ಹಾಗೇ ಹಿಂದಿರುಗಿಸಿದೆ. ಅದರ ಮೇಲಿದ್ದವನ ಮುಖ ಕೂಡ ನೆನಪಿಲ್ಲ.

ಆಮೇಲೆ ಅಬ್ಬಾನ ಅಂಟು. ಮೈದಾ ಕುದಿಸಿ, ಹುಳ ಹತ್ತದಿರಲೆಂದು ಚಿಟಿಕೆ ನೀಲಿ ಮೈಲುತುತ್ತ ಹಾಕಿದ್ದು. ಕೂದಲೆಳೆ ದಪ್ಪ ಸವರಿ, ಮೇಲೆ ರಜಿಸ್ಟರು ಹೇರಿದೆ. ಅಬ್ಬಾ ಬಂದು ಅದೇ ಡಬ್ಬಿ ಎತ್ತಿ ಅಟ್ಟಕ್ಕಿಟ್ಟರು. ಗೊತ್ತಾಗಲಿಲ್ಲ. ಅವತ್ತು ಎಷ್ಟು ಹಿಗ್ಗಿದ್ದೆ!

ಅಬ್ಬಾನ ಮೂರರಲ್ಲಿ ಅದು ಯಾವುದೋ ಈಗ ನನಗೂ ತಿಳಿಯದು. ಇಲಿಯಾಸ ಇದನ್ನು ಶುರುಮಾಡಿದಾಗಲೇ ಹೇಳಬಹುದಿತ್ತು. ಆಗ ಅದು ನಗೆಯ ಮಾತು. ವರ್ಷ ಹೋದಂತೆ ಅದಕ್ಕೂ ಬೆಲೆ ಏರಿತು.

ನವೆಂಬರ್ 9, ಭಾನುವಾರ

ಹೇಳಿಯೇ ಬರಬೇಕೆಂದು ಲಕ್ಷ್ಮೇಶ್ವರಕ್ಕೆ ಹೋದೆ. ಹೇಳದೆ ಬಂದೆ.

ಇಲಿಯಾಸ ಟ್ರಂಕು ತೆಗೆದು ಕೂತಿದ್ದ. ಮುಖ ಸಪ್ಪಗಿತ್ತು. ಎಷ್ಟೋ ವರ್ಷದ ಮೇಲೆ ಪೇಪರ್ ಸುತ್ತಿದ್ದನ್ನು ಬಿಚ್ಚಿದರೆ, ಕಂಪನಿಯ ಅಂಟು ಒಣಗಿ ಡಬ್ಬಿಗಳ ಮುಚ್ಚಳ ತಾವಾಗಿಯೇ ಬಾಯಿ ಬಿಟ್ಟಿವೆ. ಒಂದಲ್ಲ, ಎರಡಲ್ಲ. ಎಂಟು.

“ಒಂಬತ್ತು ವರ್ಷ ಕೂಸಿನಂಗ ಕಾದೀನಿ ಆಪಾ. ನೋಡು, ಬಾಯಿ ತಕ್ಕೊಂಡು ಕುಂತಾವ.”

“ನೀವೂ ಹಂಗ ಕುಂತೀರಿ,” ಅಂದಳು ಸಬೀನಾ, ಒಲೆಯ ಮುಂದಿನಿಂದ. ಅವನ ಹೆಂಡತಿ. ನಗಿಸಲೆಂದೇ ಅಂದದ್ದು. ಅವನು ನಗಲಿಲ್ಲ.

ಆಮೇಲೆ ಒಂದನ್ನು ಎರಡೂ ಕೈಯಲ್ಲಿ ಎತ್ತಿದ. ಪೆನ್ಸಿಲ್‌ನಲ್ಲಿ ‘7’ ಎಂದು ಬರೆದದ್ದು.

“ಇದೊಂದ ನೋಡು. ಗಿಚ್ಚ ಐತಿ! ನಿನ್ನೆ ಪ್ಯಾಕ್ ಮಾಡಿದಂಗ. ಅಬ್ಬಾನ ಅಂಗಡಿದು. ಕಳಕಪ್ಪಗ ಫೋಟೊ ಕಳಿಸೀನಿ, ಇದರದೇ ಮತ್ತ ಮತ್ತ ಕೇಳ್ತಾನ. ಬಾಜೂದ ತಗೀರಿ, ಕೆಳಗಿಂದ ತಗೀರಿ ಅಂತಾನ. ಇದರ ಮ್ಯಾಲ ಮನಸಾಗೇತಿ ಅವಂಗ.”

ಕೈಗೆ ತೆಗೆದುಕೊಂಡೆ. ಕಿಟಕಿಗೆ ಹಿಡಿದೆ. ಅಂಚಿನಲ್ಲಿ, ಹುಡುಕುವವರಿಗೆ ಮಾತ್ರ ಕಾಣುವಷ್ಟು ತೆಳು ನೀಲಿ. ಮೈಲುತುತ್ತ.

ಕಂಪನಿಯ ಅಂಟೆಲ್ಲ ಸೋತಿದೆ. ನನ್ನ ಸುಳ್ಳೊಂದೇ ಗಟ್ಟಿಯಾಗಿ ಹಿಡಿದಿದೆ.

ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅಂದ: “ಅಂಗಡಿ ಮಾಲಕರು ನಿಜಲಿಂಗಪ್ಪನವರು ಅಂಗಡಿ ಮಾರ್ತಾರಂತ. ಮೊದಲ ನಮ್ಮನ್ನ ಕೇಳ್ಯಾರ. ಈ ತಿಂಗಳದಾಗ ಮುಂಗಡ ಕೊಟ್ಟರ ನಮ್ಮದು. ಇಲ್ಲಾಂದ್ರ ಖಾಲಿ ಮಾಡಬೇಕು.”

ಅಬ್ಬಾ ನಲವತ್ತು ವರ್ಷ ಕೂತ ಜಾಗ.

ಸಬೀನಾ ಮಿರ್ಚಿ ಬಜ್ಜಿ ತಂದಿಟ್ಟಳು. ನಾಲ್ಕು ತಿಂದೆ. ಬಾಯಿ ಮುಚ್ಚಿಕೊಂಡಿರಲು ಅದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ.

ನವೆಂಬರ್ 14, ಶುಕ್ರವಾರ

ಬರೆಯಲು ಕೂತು ಎದ್ದು ಹೋದದ್ದು ನಾಲ್ಕು ದಿನ.

ಕವಿತೆ ಓದಿದರೆ ಸಮಾಧಾನವಾಗುತ್ತದೆ ಎಂದು ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಈ ವಾರ ಆಗಲಿಲ್ಲ. ಪ್ರತಿ ಸಾಲೂ ಅಂಟಿಸಿದ ಹಾಗೆ ಕಾಣುತ್ತದೆ.

ಸುಮ್ಮನಿದ್ದರೆ ಏನಾಗುತ್ತದೆ? ಮಾರಾಟವಾಗುತ್ತದೆ. ಅಂಗಡಿ ಉಳಿಯುತ್ತದೆ. ಕೊಂಡವನೂ ಡಬ್ಬಿ ತೆರೆಯುವುದಿಲ್ಲ, ತೆರೆಯದಿರುವುದಕ್ಕೇ ತಾನೆ ಬೆಲೆ. ಯಾರಿಗೂ ತಿಳಿಯದು... ಹತ್ತೊಂಬತ್ತರಲ್ಲೂ ಹೀಗೇ ಲೆಕ್ಕ ಹಾಕಿದ್ದೆ.

ಆದರೆ ಅವನು ಜಬಾನ ಕೊಟ್ಟಿದ್ದಾನೆ. ಅದು ಅವನದು. ಅದನ್ನು ನಾನು ತೆರೆದು ಅಂಟಿಸುವ ಹಾಗಿಲ್ಲ.

ನವೆಂಬರ್ 16, ಭಾನುವಾರ. ಸಂಜೆ

ಹೇಳಿದೆ. ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೆ ಲಕ್ಷ್ಮೇಶ್ವರದ ಮನೆ ತಲುಪಿದೆ. ಇಲಿಯಾಸ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕೂರುವ ಮೊದಲೇ ಹೇಳಿದೆ.

“ಏಳನೇದ್ದು ನಾ ತಗದಿದ್ದೆ.”

“ಎಲ್ಲಿಂದ ತಗದಿ? ಟ್ರಂಕಿನ್ಯಾಗ ಐತಲ್ಲ.”

“ಹಂಗಲ್ಲೋ. ಒಡದಿದ್ದೆ. ಆ ವರ್ಷನ. ಅಬ್ಬಾನ ಅಂಟು ಹಚ್ಚಿ ಮುಚ್ಚಿದೆ. ಅದಕ್ಕ ಅದು ಬಿಟ್ಟಿಲ್ಲ.”

ಅವನು ಡಬ್ಬಿಯನ್ನೇ ನೋಡಿದ. ನನ್ನನ್ನು ನೋಡಲಿಲ್ಲ. “ಯಾಕ?”

“ಆಗ್ತದೋ ಇಲ್ಲೋ ನೋಡಾಕ.”

ಇದಕ್ಕಿಂತ ದೊಡ್ಡ ಕಾರಣ ಇರಬೇಕಿತ್ತು ಎನ್ನಿಸಿತು. ಇರಲಿಲ್ಲ. ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸಬೀನಾ ಚಹಾ ಒಯ್ದಳು. ಹಾಗೇ ವಾಪಸ್ ತಂದಳು. “ಸುಮ್ನಿರ್ರಿ ಆಪಾ. ಬೈದ್ರ ಚಿಂತಿಲ್ಲ. ಬೈವಲ್ರು, ಅದಕ್ಕ ಅಂಜಿಕಿ,” ಎಂದಳು.

ಹನ್ನೊಂದಕ್ಕೆ ಕಳಕಪ್ಪ ಬಂದರು. ಅರವತ್ತರ ಮೇಲಿರಬೇಕು. ಕೈಯಲ್ಲಿ ಚೀಲ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಅವರು ಚಪ್ಪಲಿ ಬಿಡುವ ಮೊದಲೇ ಇಲಿಯಾಸ ಬಾಗಿಲಲ್ಲಿ ನಿಂತು ಅಂದ:

“ಒಳಗ ಬರೂಕಿಂತ ಮೊದಲ ಒಂದ ಮಾತು ಕೇಳ್ರಿ. ಏಳನೇದ್ದು ತಗದು ಮುಚ್ಚಿದ್ದೈತಿ. ನಂಗ ಇವತ್ತ ಗೊತ್ತಾತು. ನಾ ಕೊಟ್ಟ ಮಾತು ತಪ್ಪಾತು. ಹೊಳ್ಳಿ ಹೋಗ್ತೀನಿ ಅಂದ್ರ ಬಸ್ ಚಾರ್ಜ್ ಕೊಡ್ತೀನಿ.”

ಕಳಕಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು.

“ಯಾರು ತಗದಾರು?”

“ನಾನ್ರಿ.” ಒಂದು ಹೆಜ್ಜೆ ಮುಂದೆ ಬಂದೆ.

“ಏನ್ ಮಾಡ್ತೀರಿ ತಂಗಿ?”

“ಕಾಲೇಜಿನ್ಯಾಗ ಕನ್ನಡ ಕಲಿಸ್ತೀನ್ರಿ.”

ಏಳನೇ ಡಬ್ಬಿ ಎತ್ತಿ ಭೂತಗನ್ನಡಿ ಹಿಡಿದರು. ಬಹಳ ಹೊತ್ತು. “ಬೈಂಡರ್ ಆಗಬೇಕಿತ್ರಿ ನೀವು. ದಂಡ ಓದಿದ್ರಿ.”

ಸಬೀನಾ ಒಳಗೆ ಕಿಸಕ್ಕೆಂದಳು.

ಆಮೇಲೆ ಕೂತು ಹೇಳಿದರು. “ಖರೆ ಹೇಳ್ಲೇನು? ನಾ ಇಲ್ಲಾ ಅನ್ನಾಕ ಬಂದಿದ್ದೆ. ಇಷ್ಟು ವರ್ಷದ ಕಂಪನಿ ಅಂಟು ಉಳಿಯೂದಿಲ್ಲ. ಉಳಿದೇತಿ ಅಂದ್ರ ಯಾರೋ ಹಚ್ಯಾರ. ಒಂದಕ್ಕ ಹಚ್ಚಿದಾಂವ ಉಳಿದದ್ದನ್ನ ಬಿಟ್ಟಾನೇನು? ಅದಕ್ಕ ಆ ಫೋಟೊ ಅಷ್ಟು ಸರತಿ ಕೇಳಿದ್ದು. ಆದ್ರೂ ಮಾರಾಂವ ಏನಂತಾನ ನೋಡೂಣು ಅಂತ ಬಂದೆ. ನೀವು ಬಾಗಲದಾಗನ ಖರೆ ಹೇಳಿದ್ರಿ.”

ಎಂಟನ್ನೂ ಒಂದೊಂದಾಗಿ ನೋಡಿದರು. ತಾನಾಗಿ ಬಿಟ್ಟ ಅಂಟು ಎರಡೂ ಕಡೆ ಪುಡಿಯಾಗಿ ಉಳಿಯುತ್ತದಂತೆ. ಕೈಯಿಂದ ಬಿಡಿಸಿದರೆ ಕಾಗದದ ಎಳೆ ಏಳುತ್ತದಂತೆ. ಒಂದರಲ್ಲೂ ಎಳೆ ಎದ್ದಿರಲಿಲ್ಲ. ಎಂಟನ್ನೂ ಕೊಂಡರು. ಇಲಿಯಾಸ ಕನಸು ಕಂಡಷ್ಟು ಬರಲಿಲ್ಲ, ಮುಂಗಡಕ್ಕೆ ಸಾಕಾಯಿತು. ಏಳನೆಯದು ಅಲ್ಲೇ ಟ್ರಂಕಿನಲ್ಲಿ ಉಳಿಯಿತು.

ಬಸ್ಸಿನಲ್ಲಿ ಮುಳಗುಂದದವರೆಗೂ ಅತ್ತೆ. ದುಃಖಕ್ಕಲ್ಲ. ಬಿಗಿಯಾದ ಬಳೆ ಕೈಯಿಂದ ಇಳಿದಾಗ ಆಗುತ್ತದಲ್ಲ, ಹಾಗೆ. ಪಕ್ಕದಲ್ಲಿದ್ದ ಅಜ್ಜಿ ಕೇಳದೆಯೇ ಒಂದು ಪೇರಲ ಕೊಟ್ಟಳು. ತಿಂದೆ.

ಆದರೆ ಇಲಿಯಾಸ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಎಂದೂ ಹಾಗೆ ಮಾಡಿದವನಲ್ಲ.

ನವೆಂಬರ್ 20, ಗುರುವಾರ

ಫೋನ್ ಇಲ್ಲ. ನಾನೂ ಮಾಡಿಲ್ಲ. ಸಬೀನಾಳ ಮೆಸೇಜ್ ಮಾತ್ರ: ‘ಮುಂಗಡ ಕೊಟ್ಟಾರ್ರಿ. ಬಾಂಡ್ ಪೇಪರ್ ಆತು.’ ನನಗೆ ಬೇಕಾಗಿದ್ದ ಸುದ್ದಿ ಅರ್ಧ.

ಆದರೂ ನಿದ್ದೆ ಬರುತ್ತಿದೆ. ಇದು ನಾಚಿಕೆಯ ಸಂಗತಿಯೋ ಏನೋ. ಗಡದ್ದಾಗಿ ಬರುತ್ತಿದೆ.

ನವೆಂಬರ್ 23, ಭಾನುವಾರ. ಮಧ್ಯಾಹ್ನ 3.30

ಇಲಿಯಾಸ ಬಂದಿದ್ದಾನೆ.

ಬೈಂಡಿಂಗ್ ಬಟ್ಟೆ ಕೊಳ್ಳಲು ಗದಗಿಗೆ ಬಂದೆ ಎಂದ. ಭಾನುವಾರ ಆ ಅಂಗಡಿ ಮುಚ್ಚಿರುತ್ತದೆ. ಅವನಿಗೂ ಗೊತ್ತು, ನನಗೂ ಗೊತ್ತು. “ಹೌದೇನು,” ಎಂದೆ.

“ಊಟಕ್ಕ ಏನೈತಿ?”

ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ. ಐದು ರೊಟ್ಟಿ ತಿಂದ. ಆರನೆಯದು ಮುರಿಯುತ್ತ ತಲೆ ಎತ್ತದೆ ಅಂದ:

“ಡಬ್ಬಿ ಒಡದಿದ್ದಕ್ಕ ನಂಗ ಸಿಟ್ಟಿಲ್ಲ. ಅವತ್ತ ನಾ ಅದನ್ನ ಹಿಡಕೊಂಡು ಕುಣಿಯಾಕ ಹತ್ತಿದ್ನೆಲ್ಲ, ನೀ ಬಾಜೂಕ ಕುಂತು ಮಿರ್ಚಿ ತಿಂತಿದ್ದಿ. ಅದಕ್ಕ ಸಿಟ್ಟು.”

“ಹೌದಪಾ. ತಪ್ಪಾತು.”

“ಅದೂ ನಾಕು!”

ಎಣಿಸಿದ್ದಾನೆ! ನನಗೆ ನಗು ತಡೆಯಲಾಗಲಿಲ್ಲ. ಅವನಿಗೂ. ರೊಟ್ಟಿ ನೆತ್ತಿಗೇರಿ ಕೆಮ್ಮಿದ, ನೀರು ಕೊಟ್ಟೆ, ತಲೆ ತಟ್ಟಿದೆ. ಸಣ್ಣವನಿದ್ದಾಗ ತಟ್ಟುತ್ತಿದ್ದ ಹಾಗೆ. ಕೂದಲು ತೆಳ್ಳಗಾಗಿದೆ. ಯಾವಾಗ ಆಯಿತೋ.

ಈಗ ಚಾಪೆಯ ಮೇಲೆ ಮಲಗಿದ್ದಾನೆ. ಅಬ್ಬಾನ ಹಾಗೇ ಗೊರಕೆ. ಪುಸ್ತಕ ತೆರೆದಿದ್ದೇನೆ. ಬಹಳ ದಿನದ ಮೇಲೆ ಒಂದು ಕವಿತೆ ತಾನಾಗಿ ಒಳಗೆ ಬಂತು. ಎರಡನೇ ಸಾಲಿಗೆ ಬರುವಷ್ಟರಲ್ಲಿ—

ಎದ್ದ. “ಆಪಾ, ಐದರ ಬಸ್ಸಿಗೆ ಹೋಗಬೇಕು, ಜಲ್ದಿ ಚಹಾ ಇಡು,” ಅನ್ನುತ್ತಿದ್ದಾನೆ. ಮನೆಯಲ್ಲಿ ಹಾಲಿಲ್ಲ. ತರಲು ಹೊರಟೆ.