ಆಯುಧಪೂಜೆಗೆ ಮಿಂದ ಎಂಜಿನ್

ಅಪ್ಪಾ,

ಕಾರಿಗೆ ದೊಡ್ಡದೇನೂ ಆಗಿಲ್ಲ. ಆಯುಧಪೂಜೆಯ ದಿನ ಗಣಿಯ ಕೆಂಪು ಧೂಳು ಹೋಗಲೆಂದು ಬಾನೆಟ್ ಎತ್ತಿ ಎಂಜಿನ್‌ಗೇ ಪೈಪು ಹಿಡಿದೆಯಲ್ಲ, ಆ ನೀರು ಒಂದು ಸ್ಪಾರ್ಕ್ ಪ್ಲಗ್ಗಿನ ಗುಳಿಯಲ್ಲಿ ನಿಂತಿತ್ತು. ಅದಕ್ಕೇ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಗಡಗಡ ನಡುಗುತ್ತಿತ್ತು. ನೀರು ಒರೆಸಿ ಹೊಸ ಪ್ಲಗ್ ಹಾಕಿದ್ದೇನೆ. ಮುಂದಿನ ವರ್ಷ ಎಂಜಿನ್‌ಗೆ ಕುಂಕುಮ ಹಚ್ಚು, ಸ್ನಾನ ಮಾಡಿಸಬೇಡ.

ನಿನ್ನೆ ಇದನ್ನೇ ಹೇಳಲು ನಾನು ಬಾಯಿ ತೆರೆದರೆ, "ನಿನಗೇನ್ ಗೊತ್ತೈತಿ, ಸುಮ್ನಿರು, ಮಾರಿಬಿಡಾನ" ಅಂದೆ. ಇರಲಿ.

ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ಇದೆ. ಹತ್ತು ಗಂಟೆಗೆ ಕಾರು ನೋಡಲು ಬರುವ ಗಾದಿಗನೂರಿನ ಗಿರಾಕಿಗೂ ಕೊಡು, ಚಹಾ ಕುಡಿಸಿ ಕಳಿಸು.

ತೋರಿಸಲು ಕಾರು ಮನೆಯಲ್ಲಿಲ್ಲ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಡೂರು ಘಾಟ್ ಹತ್ತಿಸಲು ಹೊರಟಿದ್ದೇನೆ.

ಸುಷ್ಮಿತಾ