ನೀರು ಕುಡಿದ ಹೂಜಿ

ಮನೆಯಿಂದ,
ಭಾನುವಾರ ಸಂಜೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮ? ನನ್ನ ಮಗನ ಕ್ಷೇಮವನ್ನು ಆಮೇಲೆ ಕೇಳುತ್ತೇನೆ. ಆಸ್ಪತ್ರೆಯಲ್ಲಿ ಅವನನ್ನು ವಿಚಾರಿಸಲು ಡಾಕ್ಟರು, ನರ್ಸು ಎಲ್ಲರೂ ಇದ್ದಾರೆ, ನಿನ್ನನ್ನು ಕೇಳುವವರಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಲಕ್ವ ಹೊಡೆದ ಮೇಲೆ ಮೊದಲ ಸಲ ಅವನ ಬಲಗಾಲು ಅಲ್ಲಾಡಿತು ಎಂದು ನೀನು ಫೋನಿನಲ್ಲಿ ಹೇಳಿದಾಗ ಹೋದ ಜೀವ ಬಂದಂತಾಯಿತು. ಫೋನಿನಲ್ಲಿ ನಿನಗೆ ಪುರುಸೊತ್ತೇ ಇರುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಮಣ್ಣಿನ ಪಾತ್ರೆಗಳ ಪ್ರದರ್ಶನ ನಿನ್ನೆ ಶುರುವಾಯಿತು. "ಇದೇ ಕೊನೆಯದು, ಇನ್ನು ಅವರನ್ನು ನೋಡಿಕೊಳ್ಳುವುದೇ ನನ್ನ ಕೆಲಸ, ಮಡಕೆ ಮಾಡುವ ತಿಗರಿಯನ್ನು ಡ್ರಾಯಿಂಗ್ ಮೇಷ್ಟ್ರಿಗೆ ಮಾರಿಬಿಡಿ" ಎಂದು ಹೊರಡುವಾಗ ನೀನು ಹೇಳಿದ್ದು ನನ್ನ ತಲೆಯಲ್ಲೇ ಕೊರೆಯುತ್ತಿತ್ತು. ಆದರೂ ನಿನ್ನ ಪರವಾಗಿ ಹೋಗಿ ಕುಳಿತೆ. ಗ್ಯಾಲರಿ ಎಂದರೆ ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಪ್ರತಿ ಪೀಠದ ಮೇಲೂ 'ಮುಟ್ಟಬೇಡಿ' ಎಂಬ ಚೀಟಿ. ಬಂದವರೆಲ್ಲ ಕೈ ಹಿಂದೆ ಕಟ್ಟಿಕೊಂಡು ಪರೀಕ್ಷೆ ಕೋಣೆ ಕಾಯುವವರಂತೆ ಸುತ್ತುತ್ತಿದ್ದರು. ನಿನ್ನ ಉದ್ದ ಕತ್ತಿನ ಹೂಜಿ ಮೂಲೆಯಲ್ಲಿ ಬೋಳುಬೋಳಾಗಿ ನಿಂತಿತ್ತು. ಪಾಪ ಅನ್ನಿಸಿ, ಯಾರೋ ತಂದುಕೊಟ್ಟ ಹೂಗಳನ್ನು ಅದರಲ್ಲಿಟ್ಟು ನನ್ನ ಬಾಟಲಿಯ ನೀರು ಸುರಿದೆ. ಹೂಜಿ ಎಂದ ಮೇಲೆ ನೀರು ನಿಲ್ಲಬೇಡವೇ? ನೀನು ಒಳಗೆ ನೀರು ಜಿನುಗದಂತೆ ತಡೆಯುವ ಗ್ಲೇಜು ಹಚ್ಚದೆ ಬಿಟ್ಟಿದ್ದೀಯೆಂದು ನನಗೇನು ಗೊತ್ತು. ಸ್ವಲ್ಪ ಹೊತ್ತಿಗೆ ಅದರ ಮೈಯೆಲ್ಲ ಬೆವೆತು, ಪೀಠದಿಂದ ನೀರು ತೊಟ್ಟಿಕ್ಕಿತು. ಗ್ಯಾಲರಿಯ ಯಜಮಾನಿ ಬಟ್ಟೆ ಹಿಡಿದು ಓಡಿ ಬಂದಳು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಆ ಬಟ್ಟೆ ಇಸಿದುಕೊಂಡು ನಾನೇ ಒರೆಸಿದೆ.

ಒರೆಸುವಾಗ ನೋಡಿದೆ. ನೆಂದ ಮಣ್ಣು ಕಪ್ಪಾಗಿ, ಒಣಗಿದ್ದಾಗ ಕಾಣದ ನಿನ್ನ ಬೆರಳಿನ ಗೆರೆಗಳು ಬುಡದಿಂದ ಕತ್ತಿನವರೆಗೆ ಸುತ್ತಿ ಸುತ್ತಿ ಏರಿದ್ದು ಎದ್ದು ಕಂಡಿತು. ಅವುಗಳ ಮೇಲೆ ನನ್ನ ಬೆರಳಾಡಿಸುತ್ತಾ ಹೋದೆ. ಊಟಕ್ಕೆ ಎಷ್ಟು ಕೂಗಿದರೂ ಶೆಡ್ಡಿನಲ್ಲಿ ತಿಗರಿಯ ಮುಂದೆ ಕೂತ ನಿನಗೆ ಯಾಕೆ ಕೇಳಿಸುತ್ತಿರಲಿಲ್ಲವೆಂದು ಆಗ ತಿಳಿಯಿತು ಕಣೇ. ಅಷ್ಟು ಜನರ ಎದುರು ಅಳು ಬಂತು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು, ವೃತ್ತಿಯಲ್ಲಿ ಕ್ಷೌರಿಕರಂತೆ, ತಾವೂ ಮುಟ್ಟಬಹುದೇ ಎಂದು ಕೇಳಿದರು. ನಾನು ಇದನ್ನು ಮಾಡಿದವಳ ಅತ್ತೆ, ಧಾರಾಳವಾಗಿ ಮುಟ್ಟಿ ಎಂದೆ. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಸವರಿದರು. "ಇವರ ಮುಂದಿನ ಪ್ರದರ್ಶನ ಯಾವಾಗಮ್ಮ?" ಅಂದರು.

ಹೂಜಿ ಒಣಗಿ ಮೊದಲಿನಂತಾಗಿದೆ, ಗಾಬರಿಯಾಗಬೇಡ. ಅವನ ತಲೆ ಸವರಿ, ಅಮ್ಮ ಕೇಳಿದಳೆಂದು ಹೇಳು. ನಿಮ್ಮಿಬ್ಬರಿಗೂ ದೇವರು ಗಟ್ಟಿ ಮನಸ್ಸು ಕೊಡಲಿ.

ಇಂತಿ,
ನಿನ್ನ ಅತ್ತೆ

ಇದೊಂದು ಬರೆಯುವುದು ಬಿಟ್ಟಿದ್ದೆ: ಡ್ರಾಯಿಂಗ್ ಮೇಷ್ಟ್ರು ಈ ಬೆಳಿಗ್ಗೆ ಗಾಡಿ ಸಮೇತ ಬಂದಿದ್ದರು. ತಿಗರಿ ಮಾರುವುದಿಲ್ಲವೆಂದು ಹೇಳಿ, ಟೀ ಕೊಟ್ಟು ಕಳಿಸಿದೆ. ನಿನ್ನನ್ನು ಕೇಳದೆ ಮಾಡಿದ್ದೇನೆ, ಬೈಯುವುದಾದರೆ ಬಂದು ಬೈಯಿ. ಅವನು ಮನೆಗೆ ಬಂದ ಮೇಲೆ ಮಧ್ಯಾಹ್ನದವರೆಗೆ ಅವನ ಆರೈಕೆ ನನ್ನದು, ಆ ಹೊತ್ತು ನೀನು ಶೆಡ್ಡಿನಲ್ಲಿರಬೇಕು. ಅವನಿಗೆ ಒಂದು ಸಲ ನಡೆಯಲು ಕಲಿಸಿದವಳು ನಾನು. ಇನ್ನೊಂದು ಸಲವೂ ಕಲಿಸುತ್ತೇನೆ.